ಮೊದಲ ಧಾರಿ ನೆಲಕ್ಕ

ಹುಮನಾಬಾದಿನಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ ನೋಡ್ರಿ, ಒಬ್ಬ ಹೆಣ್ಣುಮಗಳು ಹಿಂಡಿಯ ಚೀಲ ತಂದು ಸೀದಾ ನನ್ನ ಕಾಲ ಮೇಲೆ ಇಟ್ಟಳು. "ಸ್ವಲ್ಪ ಸರದು ಕೂಡ್ರಿ ಸರ, ಎಮ್ಮಿ ಹಸದು ನಿಂತದ" ಅಂದಳು, ಎಮ್ಮೆ ಹಿಂದಿನ ಸೀಟಿನಲ್ಲೇ ಇದೆಯೇನೋ ಅನ್ನುವ ಹಾಗೆ. ಕುಸುಬಿ ಹಿಂಡಿಯ ಆ ಘಾಟು ಮೂಗಿಗೆ ಬಡಿದದ್ದೇ ತಡ, ಮುಡಬಿಯ ನೀಲಮ್ಮತ್ತಿ ಕಣ್ಮುಂದೆ ಬಂದು ಕೂತಳು.

ಅತ್ತಿಯ ಸುದ್ದಿಗಿಂತ ಮೊದಲು ನಾನು ಹೊರಟದ್ದು ಯಾಕೆ ಅಂತ ಹೇಳಬೇಕು. ಬಸವಕಲ್ಯಾಣದಲ್ಲಿ ನನ್ನ ಗೆಳೆಯನೊಬ್ಬ ಸಣ್ಣ ವಾರಪತ್ರಿಕೆ ನಡೆಸುತ್ತಾನೆ. "ನನ್ನ ಅಂಕಣದ ಜಾಗ ಬ್ಯಾರೆಯವರಿಗೆ ಕೊಡಪ್ಪ, ನನ್ನ ಕೈಲಿ ಇನ್ನ ಆಗೂದಿಲ್ಲ" ಎಂದು ಅವನಿಗೆ ಬರೆದ ನಾಲ್ಕು ಸಾಲು ಜೇಬಿನಲ್ಲಿದ್ದವು. ಹನ್ನೊಂದು ವರ್ಷ ವಾರ ತಪ್ಪದೆ ಬರೆದವನು ನಾನು. ಹೋದ ವರ್ಷ ಯಾರೋ ಪುಣ್ಯಾತ್ಮರು ಶಾಲು ಹೊದಿಸಿ, "ಇವರ ಮೊದಲ ಸಾಲೇ ಓದುಗರನ್ನ ಹಿಡಿದು ಕೂಡಿಸ್ತದ" ಅಂದರು. ಮುಗೀತು ನೋಡ್ರಿ. ಅಂದಿನಿಂದ ಒಂದು ಮೊದಲ ಸಾಲೂ ನನಗೆ ಪಸಂದ ಬರಲಿಲ್ಲ. ಹೊಸ ಪೆನ್ನು ತಂದೆ, ಮೇಜು ಪೂರ್ವಕ್ಕೆ ತಿರುಗಿಸಿದೆ, ಚಹಾ ಬಿಟ್ಟೆ, ಮತ್ತೆ ಹಿಡಿದೆ. "ಕುಣೀಲಿಕ್ಕೆ ಬರದಾಕಿ ಅಂಗಳ ಡೊಂಕ ಅಂದಳಂತ" ಅಂತ ಹೆಂಡತಿ ಅಡುಗೆಮನೆಯಿಂದಲೇ ಕುಟುಕುತ್ತಿದ್ದಳು. ನಾನೂ ನಗುತ್ತಿದ್ದೆ, ಆದರೆ ಒಳಗೆ ಭಯವಿತ್ತು. ಬರೆಯುವುದು ಬಿಟ್ಟರೆ ನನ್ನಲ್ಲಿ ಉಳಿಯುವುದಾದರೂ ಏನು?

ನೀಲಮ್ಮತ್ತಿ ಅಪ್ಪನ ಅಕ್ಕ. ಮುಡಬಿಯ ಶಾಲೆಗೆ ಮಾಸ್ತರನಾಗಿ ಹೋದ ಹೊಸದರಲ್ಲಿ ಅವಳ ಮನೆಯಲ್ಲೇ ನನ್ನ ಊಟ, ವಸ್ತಿ. ಅವಳಿಗೆ ಚಂದ್ರಿ ಅಂತ ಒಂದು ಎಮ್ಮೆ. ಆ ವರ್ಷ ಚಂದ್ರಿಯ ಕರು ಸತ್ತಿತು, ಎಮ್ಮೆ ಹಾಲು ಕಟ್ಟಿಬಿಟ್ಟಿತು. ಎಷ್ಟು ಎಳೆದರೂ ಚರಗಿಯ ತಳ ಮುಚ್ಚುತ್ತಿರಲಿಲ್ಲ. ಓಣಿಯವರು ಸೂಜಿ ಹಾಕಿಸು ಅಂದರು, ಸಂತೆಗೆ ಹೊಡಿ ಅಂದರು. ಅತ್ತಿ ಎರಡೂ ಮಾಡಲಿಲ್ಲ. ಬೆಳಿಗ್ಗೆ ಸಂಜೆ ಅದೇ ಹೊತ್ತಿಗೆ ಹಿಂಡಿ ಇಟ್ಟು, ಬೆರಳಿಗೆ ಎಣ್ಣೆ ಸವರಿಕೊಂಡು, ಎಮ್ಮೆಯ ಹೊಟ್ಟೆಗೆ ಹಣೆ ಹಚ್ಚಿ ಕೂಡುತ್ತಿದ್ದಳು. ಸೊಸೆಯ ಚಾಡಿಯೆಲ್ಲ ಅದರ ಮುಂದೆ ಹೇಳುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. "ಹಾಲು ಬರೂದಿಲ್ಲಂದ್ರ ದಿನಾ ಯಾಕ ಕೂಡ್ತಿ ಅತ್ತಿ?"

"ಬರದಿದ್ರ ಬಿಡ್ಲಿ. ನಾ ಬರ್ತೀನಂತ ಆಕಿಗಿ ಗೊತ್ತಿರಬೇಕಲ್ಲೋ" ಅಂದಳು.

ಐದನೆಯ ದಿನ ಚಂದ್ರಿಯ ಕೆಚ್ಚಲು ಸಡಿಲಾಯಿತು. ನಾನು ಓಡಿಹೋಗಿ ಚರಗಿ ಹಿಡಿದೆ. ಅತ್ತಿ ಅದನ್ನು ಮೊಣಕೈಯಿಂದ ಆಚೆ ಸರಿಸಿ, ಪ್ರತಿ ಮೊಲೆಯಿಂದಲೂ ಮೊದಲಿನ ಎರಡೆರಡು ಧಾರಿ ನೆಲಕ್ಕೆ ಬಿಟ್ಟಳು. ಅಯ್ಯೋ, ಐದು ದಿನ ಕಾದ ಹಾಲು! ನನ್ನ ಜೀವ ಚುರ್ ಅಂತು.

"ಏನ್ ಮಾಡಾಕತ್ತಿ ಅತ್ತಿ, ಮಣ್ಣಪಾಲು!"

"ಮಾಸ್ತರ ಆದಿ, ಇಷ್ಟೂ ತಿಳಿಯೂದಿಲ್ಲ. ಮೊದಲಿನ ಧಾರ್ಯಾಗ ಕಸ ಇರ್ತದ. ಅದು ನೆಲಕ್ಕ ಹೋಗ್ಬೇಕು. ಅದನ್ನೂ ಚರಗಿಗಿ ಹಿಡೀತೀನಂದ್ರ ಇದ್ದ ಹಾಲೂ ಕೆಡ್ತದ."

ಬಸ್ಸು ಬಸವಕಲ್ಯಾಣದ ಹತ್ತಿರ ಬಂದಿತ್ತು. ನನಗೆ ನನ್ನ ಮೇಲೇ ನಗು ಬಂತು. ಒಂದು ವರ್ಷದಿಂದ ನಾನು ಮೊದಲ ಧಾರಿಗೇ ಚರಗಿ ಹಿಡಿದು ಕೂತಿದ್ದೆನಲ್ಲ! ಬರೆಯಲು ಮೇಜಿಗೆ ಕೂಡುವುದನ್ನೂ ಬಿಟ್ಟು ಎಷ್ಟೋ ತಿಂಗಳಾಗಿತ್ತು. ಜೇಬಿನ ಪತ್ರ ತೆಗೆದು ಅದರ ಬೆನ್ನಿಗೆ ಒಂದು ಸಾಲು ಗೀಚಿದೆ. ಕೆಟ್ಟದಾಗಿತ್ತು. ಇನ್ನೊಂದು ಗೀಚಿದೆ, ಅದೂ ಅಷ್ಟೇ. ಹೊಡೆದು ಹಾಕಿ ಮುಂದೆ ಹೋದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಂಬಟ್ಟ ಆದವು, ಆದರೆ ಕೈ ನಿಲ್ಲಲಿಲ್ಲ.

"ಏನ್ ಬರಿಯಾಕತ್ತೀರಿ ಸರ?" ಅಂದಳು ಚೀಲದಾಕೆ.

"ನಿಮ್ಮ ಹಿಂಡಿ ಸುದ್ದಿರಿ."

"ಹಂಗಾದ್ರ ಚಲೋ ಅದ ಅಂತ ಬರೀರಿ" ಅಂದು ಅವಳು ಚೀಲ ಹೊತ್ತು ಇಳಿದಳು.

ಗೆಳೆಯ ಕಚೇರಿಯ ಬಾಗಿಲಲ್ಲೇ ಕೂತಿದ್ದ. ಹಾಳೆ ಅವನ ಕೈಗಿಟ್ಟೆ. ಪತ್ರ ಓದುತ್ತ ಓದುತ್ತ ಅವನ ಮಾರಿ ಸಣ್ಣದಾಯಿತು. "ಏನೋ ಇದು? ನಿಜವಾಗ್ಲೂ ಬಿಡ್ತೀ ಏನು?"

"ಅದು ನೆಲಕ್ಕ ಬಿಡೂದು. ಹಾಳಿ ಹೊರಳಿಸು" ಅಂದೆ.