ಹುಣಸೆಹಣ್ಣೇ ಸಾಕಾಗಿತ್ತು

ಮಧುಗಿರಿಯಲ್ಲಿ ರಸಾಯನಶಾಸ್ತ್ರ ಕಲಿಸಿ ಹೊಟ್ಟೆ ಹೊರೆಯುವ ನನಗೆ ಮನೆಯಲ್ಲಿ ಪಾತ್ರೆ ತೊಳೆಯುವ ಅರ್ಹತೆ ಇಲ್ಲ. ಇದು ನನ್ನ ವಿನಯವಲ್ಲ, ಹೆಂಡತಿಯ ತೀರ್ಪು.

ಕಾರಣ ಒಂದು ಬಕೆಟ್ಟು. ಸತುವಿನ ಲೇಪವಿದ್ದ ಕಬ್ಬಿಣದ್ದು, ಮದುವೆಯಲ್ಲಿ ಅತ್ತೆ ಹೊರಮೈಗೆ ತಮ್ಮ ಹೆಸರು ಕೊರೆಸಿ ಕೊಟ್ಟದ್ದು. ಹಾಗೆ ಕೊಟ್ಟವರು ಬಂದಾಗಲೆಲ್ಲ ಮಗಳಿಗಿಂತ ಮೊದಲು ಪಾತ್ರೆಯ ಕ್ಷೇಮ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ವೈ.ಎನ್.ಹೊಸಕೋಟೆಯಿಂದ ಅತ್ತೆ ಹೊರಟ ಸುದ್ದಿ ಬಂತು. ಅವರೊಡನೆ ಕಡಲೆಕಾಯಿ ಚಟ್ನಿಪುಡಿಯ ಡಬ್ಬಿಯೂ ಹೊರಟಿರುತ್ತದೆ. ಆ ಪುಡಿಗಾಗಿ ನಾನು ಏನು ಬೇಕಾದರೂ ಮಾಡುತ್ತೇನೆ. ಅತ್ತೆ ಮುನಿಸಿಕೊಂಡರೆ ಡಬ್ಬಿ ಬಂದ ಬಸ್ಸಿನಲ್ಲೇ ವಾಪಸ್ಸು.

"ಬಕೆಟ್ಟು ಮಂಕಾಗೈತೆ. ಒಂಚೂರು ಹುಣಸೆಹಣ್ಣು ಹಾಕಿ ಉಜ್ಜಿಬುಡಿ," ಅಂದಳು ಹೆಂಡತಿ.

ಹುಣಸೆಹಣ್ಣೇ! ಅದರಲ್ಲಿರುವುದು ದುರ್ಬಲ ಆಮ್ಲ. ಪ್ರಬಲ ಆಮ್ಲ ನೀರಿಗೆ ಬಿದ್ದ ಕೂಡಲೇ ತನ್ನ ಹೈಡ್ರೋಜನ್ ಅಯಾನುಗಳನ್ನೆಲ್ಲ ಬಿಟ್ಟುಕೊಡುತ್ತದೆ; ದುರ್ಬಲ ಆಮ್ಲ ಜಿಪುಣತನದಿಂದ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಹಾಗಾಗಿ ಸತುವಿನ ಮೇಲೆ ಒಂದು ಬುಸುಬುಸು ನೊರೆ ಎಬ್ಬಿಸಿದರೆ, ಇನ್ನೊಂದು ಅಲ್ಲೊಂದು ಇಲ್ಲೊಂದು ಗುಳ್ಳೆ ಬಿಟ್ಟು ಸುಮ್ಮನಿರುತ್ತದೆ. ಅಷ್ಟು ಹೊತ್ತು ಕಾಯುವವರು ಯಾರು? ಬಚ್ಚಲು ತೊಳೆಯುವ ಆಸಿಡ್ಡನ್ನು ಹಿತ್ತಲಲ್ಲಿ ಬಕೆಟ್ಟಿಗೆ ಸುರಿದು ಕಾಫಿಗೆಂದು ಒಳಹೋದೆ. ಕಾಫಿಯ ಜೊತೆ ಪೇಪರೂ ಸಿಕ್ಕಿತು. ಹೊರಬಂದಾಗ ಲೇಪ ಮಾಯವಾಗಿ, ಮೊದಲೇ ತುಕ್ಕು ತಿಂದಿದ್ದ ತಳದಲ್ಲಿ ತೂತು ಬಿದ್ದಿತ್ತು. ಅತ್ತೆಯ ಹೆಸರಿಗೆ ಮಾತ್ರ ಏನೂ ಆಗಿರಲಿಲ್ಲ.

"ಕಾಲೇಜ್ನಾಗೂ ಇಂಗೇ ಮಾಡ್ತೀರೇನ್ರೀ? ಆ ಹುಡುಗ್ರು ಹೆಂಗೆ ಪಾಸಾಯ್ತವೆ?" ಎಂದು ಹೆಂಡತಿ ಬುಸುಗುಟ್ಟಿದಳು. ಅರ್ಧ ಗಂಟೆಯಲ್ಲಿ ತಣ್ಣಗಾದಳು.

ಅತ್ತೆ ಬಂದರು. ಬಕೆಟ್ಟನ್ನೆತ್ತಿ ತೂತಿನಿಂದಲೇ ನನ್ನನ್ನು ನೋಡಿದರು. "ಪರ್ವಾಲೇದು ಬುಡಿ ಅಳಿಯಂದ್ರೆ," ಎಂದು ಡಬ್ಬಿಯನ್ನು ಕೈಗಿತ್ತರು. ನನಗೆ ಕಣ್ಣು ತುಂಬಿ ಬಂತು. ಎಂಥ ದೊಡ್ಡ ಮನಸ್ಸು!

ಮರುದಿನ ಅವರು ಬಕೆಟ್ಟಿಗೆ ಮಣ್ಣು ತುಂಬಿ, ಕರಿಬೇವಿನ ಸಸಿ ನೆಟ್ಟು, ಮುಂಬಾಗಿಲಲ್ಲೇ ಇಟ್ಟರು. ಪಕ್ಕದ ಮನೆಯಾಕೆ ಬಂದಳು. "ತೂತು ನಮ್ಮ ಅಳಿಯಂದ್ರೇ ಮಾಡ್ಕೊಟ್ರು ಕಣಮ್ಮ. ಬೋ ಓದ್ಕೊಂಡವ್ರೆ," ಎಂದರು ಅತ್ತೆ, ಬಹಳ ಮೃದುವಾಗಿ. ಶಿರಾದ ನೆಂಟರಿಗೂ ಅಷ್ಟೇ ಮೃದುವಾಗಿ ಹೇಳಿದರು.

ಅಣುವಿಗೊಂದೇ ಅಯಾನು ಬಿಡುವ, ಸಮ ಸಾಂದ್ರತೆಯ ಎರಡು ಆಮ್ಲಗಳನ್ನು ಸಮ ಅಳತೆಯಲ್ಲಿ ತೆಗೆದುಕೊಂಡು ಸಾಕಷ್ಟು ಸತು ಹಾಕಿದರೆ, ಕೊನೆಗೆ ಹೊರಡುವ ಅನಿಲದ ಪ್ರಮಾಣ ಎರಡರಲ್ಲೂ ಒಂದೇ. ದುರ್ಬಲ ಆಮ್ಲಕ್ಕೆ ಅವಸರವಿಲ್ಲ, ಅಷ್ಟೆ. ಇದನ್ನು ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ನಾನು ಮನಸಾರೆ ನಂಬುತ್ತೇನೆ. ಕರಿಬೇವು ಈಗ ನನ್ನೆತ್ತರಕ್ಕೆ ಬೆಳೆದಿದೆ. ಮೊನ್ನೆ ಅತ್ತೆ ಬಂದಿದ್ದಾಗ ಸಿಲಿಂಡರ್ ತಂದವನೂ ತೂತಿನ ಕಥೆ ಪೂರ್ತಿ ಕೇಳಿಕೊಂಡೇ ಹೋದ.