ಬಚ್ಚಲ ಗೋಡೆಯ ಗೆರೆಗಳು

ನಮ್ಮ ಸರ್ ಯಾರನ್ನೂ ನೇರವಾಗಿ ನೋಡುತ್ತಿರಲಿಲ್ಲ. ಕೋಳಿ ಕಾಳು ನೋಡುವ ಹಾಗೆ ಮುಖವನ್ನು ಒಂದಿಷ್ಟು ಓರೆ ಮಾಡಿ ನೋಡುತ್ತಿದ್ದರು. ವಿಕ್ರೋಳಿಯ ವರ್ಕ್‌ಶಾಪಿನಲ್ಲಿ ಅವರ ಕೈಕೆಳಗೆ ಸೇರಿದ ಹೊಸತರಲ್ಲಿ, ಸೊಕ್ಕಿನ ಮನುಷ್ಯ ಎಂದುಕೊಂಡಿದ್ದೆ.

ಚೆಂಬೂರಿನ ಕಡೆಯ ವಿದ್ಯುತ್ ಕಂಬಗಳಿಂದ ಇಳಿಸಿದ ಪಿಂಗಾಣಿ ಇನ್ಸುಲೇಟರುಗಳು ನಮ್ಮಲ್ಲಿಗೆ ಬರುತ್ತಿದ್ದವು. ಸಮುದ್ರದ ಉಪ್ಪು, ಕಾರ್ಖಾನೆಯ ಮಸಿ ಸೇರಿ ಮೈತುಂಬ ಕರಿ ಪದರ. ಪಿಂಗಾಣಿಯ ಹೊಳಪಿಗೆ ಗೀರು ಬೀಳದಂತೆ ಅದನ್ನು ಲೇಸರಿನಿಂದ ಸುಟ್ಟು ತೆಗೆಯುವುದು ನಮ್ಮ ಕೆಲಸ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಯಂತ್ರ ಹಚ್ಚುವ ಮೊದಲು ಸರ್ ನಮ್ಮ ಬಳೆ, ಉಂಗುರ, ವಾಚು ಬಿಚ್ಚಿಸಿ, ಒಬ್ಬೊಬ್ಬರ ರಕ್ಷಣೆಯ ಕನ್ನಡಕವನ್ನೂ ಎಳೆದು ನೋಡುತ್ತಿದ್ದರು. ಬೆನ್ನ ಹಿಂದೆ ನಾವು ಅವರನ್ನು ಪುಕ್ಕಲ ಎಂದು ನಗುತ್ತಿದ್ದೆವು.

“ಹೊಲಸ ಇರೂತನಕ ಅದು ಬೆಳಕ ನುಂಗತದ. ಬೆಳ್ಳಗಾತಂದ್ರ ತಿರುಗಿ ನಮ್ಮ ಕಣ್ಣಿಗೇ ಒಗೀತದ,” ಎನ್ನುವುದು ಅವರ ವಿಜಯಪುರದ ಮಾತು.

ಒಂದು ಮೇ ತಿಂಗಳ ಮಧ್ಯಾಹ್ನ ಬೆವರಿಗೆ ನನ್ನ ಕನ್ನಡಕ ಮಬ್ಬಾಯಿತು. ಯಂತ್ರ ನಡೆಯುತ್ತಿರುವಾಗಲೇ ಒರೆಸಲೆಂದು ಮೇಲೆತ್ತಿದೆ. ಎದುರಿನ ಪಿಂಗಾಣಿ ಆಗಷ್ಟೇ ಬೆಳ್ಳಗಾಗಿತ್ತು. ತಟ್ಟನೆ ಒರಟು ಅಂಗೈಯೊಂದು ನನ್ನ ಕಣ್ಣು ಮುಚ್ಚಿತು. ಯಂತ್ರ ನಿಂತಿತು. ಅಂಗೈ ಸರಿದ ಮೇಲೆ ನೋಡಿದರೆ, ಪಕ್ಕದಲ್ಲಿ ಸರ್.

ಸರ್ ಬೈಯಲಿಲ್ಲ. ಕೂರಿಸಿ ತಮ್ಮ ಬಲಗಣ್ಣಿನ ಕಥೆ ಹೇಳಿದರು. ಹಿಂದೊಮ್ಮೆ ಅವರ ಕಣ್ಣಿಗೂ ಹೀಗೇ ಬೆಳಕು ಬಡಿದಿತ್ತಂತೆ. ನೋವೇ ಆಗಿರಲಿಲ್ಲ. ಮರುದಿನ ಸ್ನಾನ ಮಾಡುವಾಗ ಎಡಗಣ್ಣಿಗೆ ಸೋಪು ಹೋಗಿ ಮುಚ್ಚಿಕೊಂಡರೆ, ಗೋಡೆಯ ಟೈಲ್ಸ್ ಗೆರೆಗಳೆಲ್ಲ ಸೊಟ್ಟ, ನಡುವೆ ಕರಿ ಚುಕ್ಕೆ. ಆ ಚುಕ್ಕೆ ಹೋಗಲೇ ಇಲ್ಲ. ಓರೆ ನೋಟ ಅಲ್ಲಿಂದ ಬಂದದ್ದು.

“ನಾಳೆ ಮುಂಜಾನೆ ಒಂದೊಂದ ಕಣ್ಣ ಮುಚ್ಚಿ ಟೈಲ್ಸ್ ನೋಡು, ತಂಗಿ. ಗೆರಿ ನೆಟ್ಟಗ ಅದಾವಿಲ್ಲೋ ನನಗ ಹೇಳು.”

ಆ ರಾತ್ರಿ ನನಗೆ ಕಣ್ಣು ಮುಚ್ಚಲೂ ಹೆದರಿಕೆ, ತೆರೆಯಲೂ ಹೆದರಿಕೆ. ಬೆಳಿಗ್ಗೆ ಬಚ್ಚಲಿಗೆ ಹೋಗಿಯೂ ಎಷ್ಟೋ ಹೊತ್ತು ಗೋಡೆಗೆ ಬೆನ್ನು ಮಾಡಿ ನಿಂತಿದ್ದೆ. ಕೊನೆಗೆ ತಿರುಗಿ ನೋಡಿದೆ. ಗೆರೆಗಳು ನೆಟ್ಟಗಿದ್ದವು. ಫೋನಿನಲ್ಲಿ ಹೇಳಿದಾಗ ಸರ್ ಇನ್ನೊಮ್ಮೆ ನೋಡಿ ಬರಲು ಹೇಳಿದರು.

ಏನೂ ಆಗಿಲ್ಲವೆಂದು ಕಣ್ಣಿನ ಡಾಕ್ಟರೂ ಹೇಳಿದರು. ಸರ್ ನಂಬಬೇಕಲ್ಲ. ದಿನಾ ಬೆಳಿಗ್ಗೆ ನಾನು ಲೋಕಲ್ ರೈಲು ಹತ್ತುವ ಮೊದಲೇ ಅವರ ಫೋನು: “ನೆಟ್ಟಗ ಅದಾವು?” ನಿವೃತ್ತರಾದ ಮೇಲೂ ಅದು ತಪ್ಪಲಿಲ್ಲ. ಒಂದು ಬೆಳಿಗ್ಗೆ ಫೋನು ಬರಲಿಲ್ಲ. ಹೆದರಿಕೊಂಡೇ ನಾನು ಮಾಡಿದೆ. ಅವರ ಮಗಳು ಎತ್ತಿ, ಅಪ್ಪ ನಿದ್ದೆಯಲ್ಲೇ ಹೋದರು ಎಂದಳು.

ಇಂದಿಗೂ ಬಚ್ಚಲಲ್ಲಿ ಒಂದು ಕಣ್ಣು ಮುಚ್ಚಲು ಹೆದರಿಕೆಯೇ. ಮುಚ್ಚದೆ ಬಿಡುವ ಧೈರ್ಯವೂ ಇಲ್ಲ. “ನೆಟ್ಟಗ ಅದಾವ್ರೀ ಸರ್,” ಎಂದು ಗೋಡೆಗೆ ಹೇಳಿ, ಆಮೇಲೆ ನಲ್ಲಿ ತಿರುಗಿಸುತ್ತೇನೆ.