ಮರಿ ನಂಬಿದ ಚರ್ಮದ ಕುದುರೆ

ಬೆಳಕು ಇನ್ನೂ ಓಣಿಗೆ ಇಳಿದಿಲ್ಲ. ಇಂದೋರಿನ ಪೋಹಾ, ಅಂದರೆ ಅವಲಕ್ಕಿ, ಅಂಗಡಿಗಳ ಒಲೆಗಳು ಈಗಷ್ಟೇ ಹೊತ್ತಿಕೊಳ್ಳುತ್ತಿವೆ. ಛೋಗಾಲಾಲ್ ಜಾಟವಾ ಆಗಲೇ ಜಗಲಿಯಲ್ಲಿ ಕೂತು ಬೊಂಬೆ ಹುಲಿಯ ಮೂತಿಯನ್ನು ಹೆಬ್ಬೆರಳಿನಿಂದ ತೀಡುತ್ತಿದ್ದಾರೆ. ನೆನೆಸಿದ ಮೇಕೆ ಚರ್ಮ ಒಣಗುವ ಮೊದಲೇ ಮೂಗಿನ ಸುಕ್ಕು ಮೂಡಬೇಕು. ಒಳಗೆ ತಂತಿಯ ಎಲುಬು, ಅದರ ಸುತ್ತ ಬಿಗಿದ ಹುಲ್ಲು ಮತ್ತು ಕಾಗದ, ಮೇಲೆ ಈ ತೆಳು ಚರ್ಮ. ಹುಳು ಹಿಡಿಯದಂತೆ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ.

"ಎದ್ದ ಕೂಡ್ಲೇ ಹುಲಿ ಮುಖ ನೋಡ್ತಾರೆ. ನನ್ನ ಮುಖ ನೆನಪಾಗೋದು ಚಹಾ ಬೇಕಾದಾಗ" ಎಂದು ಹೆಂಡತಿ ಧಾಪೂಬಾಯಿ ಒಳಗಿನಿಂದ ಚುಚ್ಚುತ್ತಾರೆ.

"ಹುಲಿ ಬೈಯಲ್ಲ ನೋಡು."

ಅರವತ್ತು ದಾಟಿದ ಛೋಗಾಲಾಲರಿಗೆ ಕೆಲಸ ಕಲಿಸಿದವರು ತಂದೆ. ಸಣ್ಣ ಜಿಂಕೆಯಾದರೆ ದಿನಕ್ಕೆರಡು ಆಗುತ್ತವೆ, ಹುಲಿಗೆ ವಾರ ಬೇಕು. "ಚರ್ಮದ ವಾಸನೆ ಅಂತ ಶಾಲೆಯಲ್ಲಿ ಯಾರೂ ನನ್ನ ಪಕ್ಕ ಕೂರ್ತಿರ್ಲಿಲ್ಲ. ಈಗ ಅವರ ಮನೆ ಟೀವಿ ಪಕ್ಕ ನನ್ನ ಜಿಂಕೆ ಕೂತಿದೆ" ಎಂದು ನಗುತ್ತಾರೆ.

ಕಳೆದ ಚಳಿಗಾಲದಲ್ಲಿ ಅದೇ ಓಣಿಯ ಗಫ್ಫಾರ್ ಭಾಯಿಯ ರೇಶ್ಮಾ ಸತ್ತಳು. ಮದುವೆ ಮೆರವಣಿಗೆಗಳಲ್ಲಿ ಮದುಮಗನನ್ನು ಹೊರುತ್ತಿದ್ದ ಹೆಣ್ಣುಕುದುರೆ ಅದು. ಇನ್ನೂ ಹಾಲು ಕುಡಿಯುವುದನ್ನು ಬಿಡದ ಅದರ ಮರಿ ಉಳಿಯಿತು. ಬಾಟಲಿ ತೋರಿಸಿದರೆ ಮುಖ ತಿರುಗಿಸುತ್ತಿತ್ತು, ಗೋಡೆಗೆ ಮೂತಿ ಒತ್ತಿ ನಿಲ್ಲುತ್ತಿತ್ತು.

"ದಾದಾ, ನನ್ನ ರೇಶ್ಮಾನ್ನ ಮಾಡಿಕೊಡು" ಎಂದು ಗಫ್ಫಾರ್ ಬಂದು ಕೂತರು.

"ನೆನಪಿಗೆ ಇಟ್ಕೋತೀಯಾ?"

"ನನಗಲ್ಲ ದಾದಾ. ಮರಿಗೆ."

ಛೋಗಾಲಾಲ್ ವಾಡಿಕೆಯಂತೆ ಮೊದಲು ಮುಖಕ್ಕೆ ಕೈಹಾಕಿದರು. ಗಾಜಿನ ಕಣ್ಣು ಹುಡುಕುತ್ತಿದ್ದಾಗ ಧಾಪೂಬಾಯಿ ಸಿಡುಕಿದರು: "ಮರಿ ಹಾಲು ಕುಡಿಯೋದು ಕಣ್ಣಿಂದೇನ್ರೀ? ಹೊಟ್ಟೆ ಮಾಡಿ ಮೊದ್ಲು!"

ಹಾಗಾಗಿ ತಲೆಯೇ ಇಲ್ಲದ ಕುದುರೆ ಸಿದ್ಧವಾಯಿತು: ಹೊಟ್ಟೆ, ಹಿಂಗಾಲು, ತೊಡೆಯ ಮರೆಯಲ್ಲಿ ಹಾಲಿನ ಬಾಟಲಿಯ ರಬ್ಬರ್ ತೊಟ್ಟು. ಮರಿ ನೆಕ್ಕುತ್ತದೆ, ಮೈಲುತುತ್ತ ವಿಷ. ಅದನ್ನು ಬಿಟ್ಟು ಬರೀ ಮೈದಾ ಅಂಟಿನಲ್ಲಿ ಚರ್ಮ ಕೂರಿಸಿದರು.

ಮರಿ ಬಂತು, ಮೂಸಿತು, ಹಿಂದೆ ಸರಿಯಿತು.

"ಹೋಯ್ತು ಬಿಡು ದಾದಾ" ಎಂದು ಗಫ್ಫಾರ್ ಹೊರಗೆ ಹೋದರು.

ಧಾಪೂಬಾಯಿ ಚರ್ಮಕ್ಕೆ ಅಂಗೈ ಇಟ್ಟು ನೋಡಿದರು. ತಣ್ಣಗೆ ಕೊರೆಯುತ್ತಿತ್ತು. ಬಿಸಿನೀರಿನ ಚೀಲ ತಂದು ಹೊಟ್ಟೆಯೊಳಗೆ ತುರುಕಿದರು, ರೇಶ್ಮಾಳ ಹಳೆಯ ಕಂಬಳಿ ತರಿಸಿ ಬೆನ್ನಿಗೆ ಹೊದಿಸಿದರು. ಮರಿ ಮತ್ತೆ ಬಂತು. ಈ ಸಲ ಕಂಬಳಿಯಲ್ಲಿ ಮೂತಿ ಹುದುಗಿಸಿ ಬಹಳ ಹೊತ್ತು ನಿಂತಿತು. ಆಮೇಲೆ ಹೊಟ್ಟೆಗೆ ತಲೆಯಿಂದ ಗುದ್ದಿತು, ತಾಯಿಗೆ ಗುದ್ದುವ ಹಾಗೇ. ಗುದ್ದಿ ತೊಟ್ಟು ಹುಡುಕಿ ಹಿಡಿಯಿತು.

"ಚೀಪೋ ಸದ್ದು ಕೇಳಿ ಗಫ್ಫಾರ್ ಓಡಿ ಬಂದ. ಅಳ್ತಿದ್ದ. ನಾನು ಆ ಕಡೆ ತಿರುಗ್ಕೊಂಡೆ. ನಂದೂ ಅದೇ ಕಥೆ" ಎನ್ನುತ್ತಾರೆ ಛೋಗಾಲಾಲ್.

ಮರಿ ಉಳಿಯಿತು. ಈಗ ಓಣಿಯ ತುಂಬ ಓಡಾಡಿಕೊಂಡಿದೆ, ತರಕಾರಿ ಗಾಡಿಯವರ ಬೈಗುಳ ತಿನ್ನುತ್ತದೆ. ಚರ್ಮದ ತಾಯಿ ಮಾತ್ರ ಮಳೆಗಾಲದ ಹೊತ್ತಿಗೆ ಹುಳು ಹಿಡಿದು ಹೋದಳು. ಮಾಡಿದ್ದರಲ್ಲೆಲ್ಲ ಒಳ್ಳೆಯದೇ ಉಳಿಯಲಿಲ್ಲವಲ್ಲ, ಬೇಜಾರಿಲ್ಲವೇ ಎಂದು ಕೇಳಿದರೆ ಛೋಗಾಲಾಲ್ ತಲೆಯಾಡಿಸುತ್ತಾರೆ.

"ಯಾಕ್ರೀ ಬೇಜಾರು? ಅದರ ಕೆಲಸ ಮುಗಿದಿತ್ತು."

ಆಸೆಯೇನಾದರೂ ಇದೆಯೇ ಎಂದರೆ, ಬ್ರಷ್ಷು ಕೆಳಗಿಟ್ಟು ಸ್ವಲ್ಪ ಸಂಕೋಚದಿಂದ ಹೇಳುತ್ತಾರೆ: "ಘೇಂಡಾಮೃಗ ಎಷ್ಟೋ ಮಾಡಿದೀನಿ, ಜೀವಂತ ಒಂದನ್ನೂ ನೋಡಿಲ್ಲ. ಅದರ ಕಿವಿ ಹಿಂದೆ ಚರ್ಮ ಹೇಗೆ ಮಡಚಿರುತ್ತೋ! ಫೋಟೋ ತೆಗೆಯೋರೆಲ್ಲ ಮುಂದೇ ನಿಂತಿರ್ತಾರೆ. ಒಂದ್ಸಲ ಹಿಂದಿನಿಂದ ನೋಡ್ಬೇಕು."

"ನೋಡಿದ ಮೇಲೆ ನಿಮ್ಮದು ತಪ್ಪು ಅಂತ ಗೊತ್ತಾದ್ರೆ?" ಧಾಪೂಬಾಯಿ ಚಹಾ ತಂದಿಡುತ್ತಾರೆ.

ಛೋಗಾಲಾಲ್ ಒಂದು ಕ್ಷಣ ನಿಜವಾಗಿಯೂ ಯೋಚಿಸುತ್ತಾರೆ. "ಮಾರಿದ್ದನ್ನೆಲ್ಲ ವಾಪಸ್ ತರಿಸಿ, ಕಿವಿ ಸರಿ ಮಾಡಿ ಕಳಿಸ್ತೀನಿ."